ಬೆಟ್ಟದಲ್ಲಿ ನೆಟ್ಟ ಯಂತ್ರ ಯಾರದು?



ಆಷಾಢದ ಮಳೆ ಹಿಡಿದು ಮೂರು ದಿನವಾಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಯಾರಿಗೂ ಪೂರ್ಣ ನಿದ್ದೆ ಇರುವುದಿಲ್ಲ. ಹಿತ್ತಿಲ ಧರೆಯಿಂದ ಮಣ್ಣು ಉದುರಿತೇ, ಹಳ್ಳದ ನೀರು ಕೆಂಪಾಯಿತೇ, ನಿನ್ನೆಯವರೆಗೆ ಇಲ್ಲದಿದ್ದ ಒರತೆ ಕೊಟ್ಟಿಗೆಯ ಹಿಂದೆ ಎದ್ದಿತೇ ಎಂದು ಹಿರಿಯರು ಕಿವಿಗೊಟ್ಟೇ ಮಲಗುತ್ತಾರೆ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳ 30ರಂದು ವಯನಾಡು: ಈ ಹೆಸರುಗಳನ್ನು ಕೇಳಿದ ಮೇಲೆ ಆ ಕಿವಿ ಇನ್ನಷ್ಟು ಚುರುಕಾಗಿದೆ.

ಇಂತಹ ಹೊತ್ತಿನಲ್ಲಿ ಬೆಟ್ಟದ ಊರುಗಳಿಗೆ ಹೊಸದೊಂದು ಭರವಸೆ ಬರುತ್ತಿದೆ. ಮಣ್ಣಿನೊಳಗೆ ಸಂವೇದಕಗಳನ್ನು ಹೂಳಬಹುದು, ಅವು ತಮ್ಮ ತಮ್ಮಲ್ಲೇ ಮಾತನಾಡಿಕೊಂಡು ಅಪಾಯದ ಸುದ್ದಿಯನ್ನು ಮೊಬೈಲಿಗೆ ಮುಟ್ಟಿಸುತ್ತವೆ, ಯಂತ್ರವನ್ನು ಕಂಪನಿ ಕೊಡುತ್ತದೆ, ವಿದ್ಯೆಯನ್ನು ವಿಶ್ವವಿದ್ಯಾಲಯ ಕೊಡುತ್ತದೆ ಎಂಬುದು ಆ ಭರವಸೆ. ಇದಕ್ಕೆ ಇಂಗ್ಲಿಷಿನಲ್ಲಿ ಇಂಟರ್ನೆಟ್ ಆಫ್ ಥಿಂಗ್ಸ್ ಎಂದು ಹೆಸರು. ಕನ್ನಡದಲ್ಲಿ ವಸ್ತುಗಳ ಅಂತರ್ಜಾಲ ಎನ್ನುತ್ತಾರೆ. ಭರವಸೆ ಪೊಳ್ಳಲ್ಲ. ಆದರೆ ಅದು ಕಾಲು ಶತಮಾನದ ಅನುಭವವಿರುವ ಭರವಸೆ, ಹಾಗಾಗಿ ಆ ಅನುಭವವನ್ನು ಕೇಳಿ ತಿಳಿಯದೆ ಒಪ್ಪಿಗೆಯ ಸಹಿ ಹಾಕುವುದು ಜಾಣತನವಲ್ಲ.

ಈ ಹೆಸರೇ ಉದ್ಯಮ ಮತ್ತು ವಿಶ್ವವಿದ್ಯಾಲಯಗಳ ಗಡಿಯಲ್ಲಿ ಹುಟ್ಟಿದ್ದು. ಸೋಪು, ಸೌಂದರ್ಯವರ್ಧಕಗಳನ್ನು ಮಾರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಕೆವಿನ್ ಆ್ಯಶ್ಟನ್ 1999ರಲ್ಲಿ ಈ ಪದಪುಂಜವನ್ನು ಬಳಸಿದರು. ಅಂಗಡಿಯ ಕಪಾಟಿನಲ್ಲಿ ಯಾವ ಸರಕು ಮುಗಿದಿದೆ ಎಂಬುದನ್ನು ಸರಕೇ ಹೇಳುವಂತಾಗಬೇಕೆಂಬುದು ಅವರ ಅಗತ್ಯವಾಗಿತ್ತು. ಅದೇ ವರ್ಷ ಕಂಪನಿಗಳ ಬೆಂಬಲದಿಂದ ಅಮೆರಿಕದ ಎಂಐಟಿಯಲ್ಲಿ ಆಟೋ-ಐಡಿ ಕೇಂದ್ರ ಆರಂಭವಾಯಿತು. ಬೆಟ್ಟ, ಕಾಡು, ಹಕ್ಕಿಗಳ ಕಡೆಗೆ ಬಂದ ಕವಲು ಮಾತ್ರ ಬೇರೆ. ಅದರ ಮೂಲದಲ್ಲಿ ಇದ್ದದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಪಿಸ್ಟರ್ ರೂಪಿಸಿದ 'ಸ್ಮಾರ್ಟ್ ಡಸ್ಟ್' ಎಂಬ ಕಲ್ಪನೆ. ಧೂಳಿನ ಕಣದಷ್ಟು ಚಿಕ್ಕ ಗಣಕಗಳನ್ನು ಚೆಲ್ಲಿಬಿಟ್ಟರೆ ಅವು ಸುತ್ತಲಿನದನ್ನು ಗಮನಿಸಿ ವರದಿ ಮಾಡಬೇಕು. ಹಣ ಬಂದದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದಿಂದ. 2001ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಸೇನಾ ನೆಲೆಯೊಂದರಲ್ಲಿ ಪುಟ್ಟ ವಿಮಾನದಿಂದ ಇಂತಹ ಕಣಗಳನ್ನು ಉದುರಿಸಿ, ದಾರಿಯಲ್ಲಿ ಸಾಗುವ ವಾಹನಗಳನ್ನು ಪತ್ತೆ ಹಚ್ಚಿ ತೋರಿಸಲಾಯಿತು. ಹಕ್ಕಿಯ ಗೂಡನ್ನು ನೋಡಲು ಬಂದ ಕಣ್ಣು ಮೊದಲು ಶತ್ರುವನ್ನು ನೋಡಲೆಂದು ಹುಟ್ಟಿದ್ದು. ಇದನ್ನು ಮರೆಯಬೇಕಿಲ್ಲ, ಇದೊಂದೇ ಕಾರಣಕ್ಕೆ ದೂರವಿಡಬೇಕಿಯೂ ಇಲ್ಲ.

ಹಕ್ಕಿಯ ಕಥೆ ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದ್ದು. ಅಲ್ಲಿ ಕರಾವಳಿಯಾಚೆ, ಮೌಂಟ್ ಡೆಸರ್ಟ್ ದ್ವೀಪದಿಂದ ದಕ್ಷಿಣಕ್ಕೆ 15 ಕಿಲೋಮೀಟರ್ ದೂರದಲ್ಲಿ, 237 ಎಕರೆಯ ಗ್ರೇಟ್ ಡಕ್ ಎಂಬ ಪುಟ್ಟ ದ್ವೀಪವಿದೆ. ಲೀಚ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿ ಅಲ್ಲಿನ ಮಣ್ಣಿನಲ್ಲಿ ಬಿಲ ತೋಡಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಹಗಲು ಕಡಲಿನಲ್ಲಿ ಅಥವಾ ಬಿಲದೊಳಗೆ ಇರುವ ಈ ಹಕ್ಕಿ ಓಡಾಡುವುದು ಕತ್ತಲಾದ ಮೇಲೆ. ದ್ವೀಪದ ಕೆಲವು ಇಳಿಜಾರುಗಳನ್ನಷ್ಟೇ ಇದು ಆರಿಸಿಕೊಳ್ಳುವುದೇಕೆ, ಬಿಲದೊಳಗಿನ ಶಾಖ ಮತ್ತು ತೇವ ಋತುವಿನುದ್ದಕ್ಕೂ ಹೇಗೆ ಬದಲಾಗುತ್ತದೆ, ಗಂಡು ಹೆಣ್ಣು ಕಾವಿನ ಸರದಿಯನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದು ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಎಂಬ ಅಲ್ಲಿನ ಚಿಕ್ಕ ಕಾಲೇಜಿನ ಜೀವವಿಜ್ಞಾನಿಗಳ ಪ್ರಶ್ನೆಯಾಗಿತ್ತು.

ಕೈಹಾಕಿ ನೋಡಿದರೆ ಮುಗಿಯಿತಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಕೈಹಾಕುವುದೇ ಸಮಸ್ಯೆ. ಕಾವಿನ ಮೊದಲ ಎರಡು ವಾರಗಳಲ್ಲಿ ತೊಂದರೆಯಾದರೆ ಈ ಹಕ್ಕಿ ಬಿಲವನ್ನೇ ತೊರೆದು ಹೋಗುವ ಸಂಭವ ಹೆಚ್ಚು. ಮೇನ್ ಕರಾವಳಿಯ ನೀರುಕಾಗೆಗಳ ವಸಾಹತಿಗೆ ಮನುಷ್ಯರು ಹದಿನೈದು ನಿಮಿಷ ಹೋಗಿಬಂದರೆ ಆ ವರ್ಷದ ಮೊಟ್ಟೆ ಮರಿಗಳಲ್ಲಿ ಶೇ. 20ರಷ್ಟು ಸಾಯಬಹುದೆಂದು ಅಲ್ಲಿನ ಅಧ್ಯಯನವೊಂದು ಸೂಚಿಸಿತ್ತು. ನೋಡಲು ಹೋದವನೇ ಕೊಲ್ಲುವಂತಾದರೆ ನೋಟಕ್ಕೆ ಅರ್ಥವೇನು? ಪರಿಸರ ಅಧ್ಯಯನದ ಹೆಸರಿನಲ್ಲಿ ಕಾಡು ನುಗ್ಗುವ ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

2002ರ ವಸಂತದಲ್ಲಿ ಇಂಟೆಲ್ ಕಂಪನಿಯ ಬರ್ಕ್ಲಿ ಸಂಶೋಧನಾಲಯ, ಬರ್ಕ್ಲಿ ವಿಶ್ವವಿದ್ಯಾಲಯ ಮತ್ತು ಈ ಕಾಲೇಜು ಒಟ್ಟಾದವು. ಎರಡು ಸಾಮಾನ್ಯ ಪೆನ್‌ಸೆಲ್ಲುಗಳಿಂದ ನಡೆಯುವ, ಅಂಗೈಯಲ್ಲಿ ಅಡಗುವ 'ಮೋಟ್' ಎಂಬ ಸಾಧನಗಳನ್ನು ಬಿಲಗಳ ಒಳಗೂ ಹೊರಗೂ ಇಡಲಾಯಿತು. ಮೋಟ್ ಎಂದರೆ ಧೂಳಿನ ಕಣ. ಹಕ್ಕಿಗಳು ಬರುವ ಮುನ್ನ ಇಟ್ಟು, ಅವು ಹೋಗುವವರೆಗೆ ಮನುಷ್ಯರು ಅತ್ತ ಸುಳಿಯಬಾರದೆಂಬುದು ಆದರ್ಶ. ಅದಕ್ಕೆ ಒಂಬತ್ತು ತಿಂಗಳು ಬಾಳುವ ಬ್ಯಾಟರಿ ಬೇಕು. ಆದ್ದರಿಂದ ಸಾಧನವು ಹೆಚ್ಚು ಹೊತ್ತು ನಿದ್ರಿಸಿ, ಕ್ಷಣಮಾತ್ರ ಎಚ್ಚೆತ್ತು, ಶಾಖ, ತೇವ, ಬೆಳಕು, ವಾಯುಭಾರಗಳನ್ನು ಅಳೆದು, ರೇಡಿಯೊದಲ್ಲಿ ಹೇಳಿ, ಮತ್ತೆ ನಿದ್ರೆಗೆ ಜಾರಬೇಕು. ದ್ವೀಪದಲ್ಲೇ ಇದ್ದ ಕಂಪ್ಯೂಟರ್ ಆ ಮಾಹಿತಿಯನ್ನು ಒಟ್ಟುಮಾಡಿ ಉಪಗ್ರಹದ ಮೂಲಕ ಹೊರಗೆ ಕಳುಹಿಸುತ್ತಿತ್ತು.

ಆ ಬೇಸಿಗೆಯಲ್ಲಿ 43 ಮೋಟ್‌ಗಳು, 123 ದಿನಗಳು, ಹತ್ತು ಲಕ್ಷಕ್ಕೂ ಮೀರಿದ ಅಳತೆಗಳು. ಕೇಳಲು ವೈಭವವಾಗಿದೆ. ಒಳಗಿನ ಲೆಕ್ಕ ಬೇರೆ. ಕಡಲ ಮಂಜು, ಮಳೆ ಮತ್ತು ಬಿಲದ ತೇವ ಸಾಧನಗಳೊಳಗೆ ನುಗ್ಗಿದವು. ಗಣಕದ ಹಲಗೆಗೆ ನೀರು ಮುಟ್ಟದಂತೆ ಲೇಪ ಬಳಿಯಬಹುದು; ಆದರೆ ಗಾಳಿಯ ತೇವವನ್ನು ಅಳೆಯುವ ಸಂವೇದಕಕ್ಕೆ ಗಾಳಿ ಮುಟ್ಟಲೇಬೇಕಲ್ಲ, ಅದನ್ನು ಮುಚ್ಚುವುದು ಹೇಗೆ? ಪ್ರಯೋಗಾಲಯದಲ್ಲಿ ಸೊಗಸಾಗಿ ನಡೆದದ್ದು ದ್ವೀಪದಲ್ಲಿ ಒಂದೊಂದಾಗಿ ನಿಂತಿತು. ಸೋಲಿನ ನಡುವೆ ಒಂದು ಉಪಯುಕ್ತ ಪಾಠವೂ ಸಿಕ್ಕಿತು: ತೇವದ ಅಳತೆ ವಿಪರೀತ ಹೇಳತೊಡಗಿದ ಸಾಧನ ಹೆಚ್ಚು ದಿನ ಬದುಕುತ್ತಿರಲಿಲ್ಲ. ಒಳಗೆ ನೀರು ಸೇರಿದ್ದರ ಸೂಚನೆ ಅದಾಗಿತ್ತು. ಹೀಗೆ ತಪ್ಪು ಅಂಕಿಯೇ ಸಾಧನದ ಆರೋಗ್ಯದ ಸುಳಿವಾಯಿತು. ಇದನ್ನೆಲ್ಲ ಮುಚ್ಚಿಡದೆ ಸಂಶೋಧಕರು ಪ್ರಕಟಿಸಿದರು. ಗೆಲುವಿನ ವರದಿಗಳಿಗಿಂತ ಆ ಸೋಲಿನ ವರದಿ ಬೆಟ್ಟದ ಜನರಿಗೆ ಹೆಚ್ಚು ಬೆಲೆಯುಳ್ಳದ್ದು. ಮೇನ್‌ನ ಬೇಸಿಗೆಯ ಮಂಜೇ ಇಷ್ಟು ಮಾಡಿದರೆ ಆಗುಂಬೆಯ ಜುಲೈ ಏನು ಮಾಡೀತು?

ಕ್ಯಾಲಿಫೋರ್ನಿಯಾದ ಸೊನೊಮಾದಲ್ಲಿ 70 ಮೀಟರ್ ಎತ್ತರದ ಒಂದು ರೆಡ್‌ವುಡ್ ಮರಕ್ಕೆ ಬೇರೆ ಬೇರೆ ಎತ್ತರಗಳಲ್ಲಿ ಇಂಥ ಸಾಧನಗಳನ್ನು ಕಟ್ಟಿ, 44 ದಿನ, ಐದು ನಿಮಿಷಕ್ಕೊಮ್ಮೆ ಅಳೆದ ಇನ್ನೊಂದು ಪ್ರಯೋಗದ ವರದಿ 2005ರಲ್ಲಿ ಬಂತು. ಅದರಲ್ಲಿಯೂ ಇಂಟೆಲ್ ಮತ್ತು ವಿಶ್ವವಿದ್ಯಾಲಯದವರು ಕೂಡಿಯೇ ದುಡಿದಿದ್ದರು. ಮರದ ಎತ್ತರಕ್ಕೆ ತಕ್ಕಂತೆ ಹವೆ ಹೇಗೆ ಬದಲಾಗುತ್ತದೆಂಬ ಸುಂದರ ಚಿತ್ರ ಸಿಕ್ಕಿತು. ನಿರೀಕ್ಷಿಸಿದ ಅಳತೆಗಳಲ್ಲಿ ಕೈಗೆ ಬಂದದ್ದು ಅರ್ಧದಷ್ಟು. ಮರದ ಅಧ್ಯಯನಕ್ಕೆ ಅರ್ಧ ಸಾಕು. ಕುಸಿಯುವ ಗುಡ್ಡದ ಕೆಳಗೆ ಮಲಗಿದವರಿಗೆ ಯಾವ ಅರ್ಧ ಸಿಕ್ಕಿತು, ಯಾವ ಅರ್ಧ ಕಳೆಯಿತು ಎಂಬುದೇ ಎಲ್ಲ.

ಉದ್ಯಮ ಈ ಕೆಲಸಕ್ಕೆ ಏಕೆ ಬರುತ್ತದೆ? ಪರೋಪಕಾರಕ್ಕೆ ಮಾತ್ರವಲ್ಲ. ಬಿಸಿಲು ಮಳೆಗಳಲ್ಲಿ ತನ್ನ ಸಾಧನ ಹೇಗೆ ಸಾಯುತ್ತದೆ ಎಂಬುದನ್ನು ಕಾರ್ಖಾನೆಯೊಳಗೆ ಕುಳಿತು ಕಲಿಯಲಾಗದು. ದ್ವೀಪ, ಕಾಡು, ಬೆಟ್ಟ ಅದರ ಪರೀಕ್ಷಾಗಾರ. ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬೇಕು, ವಿದ್ಯಾರ್ಥಿಗೆ ಪದವಿ ಬೇಕು. ಇವೆಲ್ಲ ನ್ಯಾಯವಾದ ಬೇಡಿಕೆಗಳೇ. ಬರ್ಕ್ಲಿಯಲ್ಲಿ ಇವುಗಳನ್ನು ಹೊಂದಿಸಿದ ಬಗೆ ಮೆಚ್ಚತಕ್ಕದ್ದು. 2001ರಲ್ಲಿ ತೆರೆದ ಇಂಟೆಲ್ ಪ್ರಯೋಗಾಲಯದ ಮೊದಲ ನಿರ್ದೇಶಕರು ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಕಲ್ಲರ್. ಅಲ್ಲಿ ನಡೆದ ಸಂಶೋಧನೆಯನ್ನು ಮುಕ್ತವಾಗಿ ಪ್ರಕಟಿಸುವ ಒಪ್ಪಂದವಿತ್ತು. ಮೋಟ್‌ಗಳನ್ನು ನಡೆಸುವ 'ಟೈನಿ ಓಎಸ್' ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಪಡೆದು ತಿದ್ದಬಹುದಿತ್ತು. ಅದರಿಂದಲೇ ಅದು ಜಗತ್ತಿನ ನೂರಾರು ಕಾಲೇಜುಗಳಿಗೆ, ಭಾರತಕ್ಕೂ, ತಲುಪಿತು.

ಆದರೆ ಕಂಪನಿಗಳ ಆಯುಷ್ಯ ಬೆಟ್ಟದ ಆಯುಷ್ಯವಲ್ಲ. ಮೋಟ್‌ಗಳನ್ನು ತಯಾರಿಸಿ ಮಾರಿದ ಕ್ರಾಸ್‌ಬೋ ಕಂಪನಿಯ ಈ ವ್ಯವಹಾರ 2010ರ ಹೊತ್ತಿಗೆ ಬೇರೆ ಕಂಪನಿಯ ಪಾಲಾಯಿತು. ಕಲ್ಲರ್ ಅವರು ಸಂಗಡಿಗರೊಡನೆ 2005ರಲ್ಲಿ ಕಟ್ಟಿದ ಆರ್ಚ್ ರಾಕ್ ಕಂಪನಿಯನ್ನು 2010ರಲ್ಲಿ ಸಿಸ್ಕೊ ಕೊಂಡಿತು. ಇಂಟೆಲ್ ಬರ್ಕ್ಲಿ ಪ್ರಯೋಗಾಲಯವೇ 2011ರಲ್ಲಿ ಮುಚ್ಚಿತು. ಇದರಲ್ಲಿ ಯಾರ ಮೋಸವೂ ಇಲ್ಲ, ವ್ಯಾಪಾರ ಇರುವುದೇ ಹಾಗೆ. ಉಳಿದದ್ದು ಎಲ್ಲರಿಗೂ ತೆರೆದಿಟ್ಟ ಭಾಗ ಮಾತ್ರ: ಮುಕ್ತ ತಂತ್ರಾಂಶ, ಪ್ರಕಟಿತ ಪ್ರಬಂಧಗಳು, ಹಾಗೂ ಪುಟ್ಟ ಸಾಧನಗಳಿಗೆ ಅಂತರ್ಜಾಲದ ವಿಳಾಸ ಕೊಡಲು 2007ರಲ್ಲಿ ರೂಪುಗೊಂಡ 6ಲೋಪ್ಯಾನ್ ಎಂಬ ಸಾರ್ವಜನಿಕ ಮಾನದಂಡ. ಒಂದು ಕಂಪನಿಗೆ ಮಾತ್ರ ಬಿಚ್ಚಲು ಬರುವ ಪೆಟ್ಟಿಗೆಯನ್ನು ಗುಡ್ಡದಲ್ಲಿ ನೆಟ್ಟರೆ, ಕಂಪನಿ ಹೋದ ದಿನ ಅದು ಕಸ.

ಈಗ ಸಹ್ಯಾದ್ರಿಗೆ ಬರೋಣವೆಂದರೆ ಮೊದಲು ನಿಲ್ಲಬೇಕಾದ ಊರು ಕೇರಳದ ಮುನ್ನಾರ್. ಅಲ್ಲಿನ ಆಂತೋಣಿಯಾರ್ ಕಾಲೋನಿಯಲ್ಲಿ 2005ರ ಜುಲೈನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿತ್ತು. ಅಮೃತ ವಿಶ್ವವಿದ್ಯಾಪೀಠದ ಸಂಶೋಧಕರು ಅದೇ ಇಳಿಜಾರಿನಲ್ಲಿ ಆಳದ ಕೊಳವೆಗಳನ್ನು ಕೊರೆದು, ಬೇರೆ ಬೇರೆ ಆಳಗಳಲ್ಲಿ ಸಂವೇದಕಗಳನ್ನು ಇಳಿಸಿದರು. ಯೂರೋಪಿನ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಕೂಡಿದ್ದ 'ವಿನ್‌ಸಾಕ್' ಯೋಜನೆಯ ಭಾಗ ಇದು. ಗ್ರೇಟ್ ಡಕ್ ದ್ವೀಪದ ಮೋಟ್‌ನ ತಮ್ಮನೆನ್ನಬಹುದಾದ, ಕ್ರಾಸ್‌ಬೋ ಕಂಪನಿಯ ಮೈಕಾಝಡ್ ಸಾಧನವೇ ಇಲ್ಲಿಯೂ ರೇಡಿಯೊದ ಕೆಲಸಕ್ಕೆ ಬಂತು. ಗುಡ್ಡದಿಂದ ವೈಫೈ, ಅಲ್ಲಿಂದ ಉಪಗ್ರಹ, ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ಮುಖ್ಯ ಆವರಣಕ್ಕೆ ಮಾಹಿತಿ ಹೋಗುತ್ತಿತ್ತು.

ಇಲ್ಲಿ ಅಳೆಯುವುದೇನನ್ನು? ಗುಡ್ಡದ ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದು ನಿಂತಿರುತ್ತವೆ. ಬಿಡದೆ ಸುರಿದ ಮಳೆ ಒಳಗಿಳಿದು ಕಣಗಳ ನಡುವಿನ ಎಡೆಗಳನ್ನು ತುಂಬುತ್ತದೆ. ಕೆಳಗೆ ಬಂಡೆಯೋ ಜೇಡಿಯೋ ಅಡ್ಡವಿದ್ದರೆ ನೀರಿಗೆ ಹೋಗಲು ದಾರಿಯಿಲ್ಲ. ಅದು ಕಣಗಳನ್ನು ಒಳಗಿನಿಂದ ದೂಡತೊಡಗುತ್ತದೆ. ಇದಕ್ಕೆ ರಂಧ್ರಜಲದ ಒತ್ತಡ ಎನ್ನುತ್ತಾರೆ. ಒತ್ತಡ ಏರಿದಷ್ಟೂ ಕಣಗಳ ಹಿಡಿತ ಸಡಿಲ. ಹಿಡಿತಕ್ಕಿಂತ ಇಳಿಜಾರಿನ ಸೆಳೆತ ಹೆಚ್ಚಾದ ಕ್ಷಣ ಗುಡ್ಡ ಜಾರುತ್ತದೆ. ಹೊಸ ಒರತೆ ಎದ್ದರೆ, ಹಳ್ಳದ ನೀರು ಕೆಂಪಾದರೆ, ಮರ ವಾಲಿದರೆ ಅಜ್ಜಂದಿರು ಹೆದರುತ್ತಿದ್ದುದು ಇದೇ ಕಾರಣಕ್ಕೆ. ಒತ್ತಡವನ್ನು ಅಳೆಯುವ ಮಾಪಕ, ವಾಲುವಿಕೆಯನ್ನು ಅಳೆಯುವ ಮಾಪಕ, ಕಂಪನವನ್ನು ಕೇಳುವ ಜಿಯೊಫೋನ್ ಆ ಭಯಕ್ಕೇ ಅಂಕಿಗಳನ್ನು ಜೋಡಿಸುತ್ತವೆ. 2009ರ ಜುಲೈನ ಭಾರಿ ಮಳೆಯಲ್ಲಿ ಈ ವ್ಯವಸ್ಥೆ ಎಚ್ಚರಿಕೆಯನ್ನೂ ನೀಡಿತು. ವರ್ಷಗಟ್ಟಲೆ ಸಂಶೋಧಕರು ಆ ಗುಡ್ಡದ ಜೊತೆ ನಿಂತದ್ದು ಇದಕ್ಕೆ ಕಾರಣ. ಈ ದೇಶದಲ್ಲಿ ಅಂಥ ನಿಲುವು ಅಪರೂಪ.

ಆದರೆ 2020ರ ಆಗಸ್ಟ್ 6ರ ರಾತ್ರಿ ಅದೇ ಮುನ್ನಾರ್ ಪ್ರದೇಶದ ಪೆಟ್ಟಿಮುಡಿಯಲ್ಲಿ, ಚಹಾತೋಟದ ಕಾರ್ಮಿಕರ ಲೈನ್ ಮನೆಗಳ ಮೇಲೆ ಗುಡ್ಡ ಬಿದ್ದು 70 ಜನ ಹೋದರು. ಸಂವೇದಕಗಳಿದ್ದದ್ದು ಆ ಇಳಿಜಾರಿನಲ್ಲಲ್ಲ. ಮಳೆಗೆ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದಿದ್ದವು. ಸುದ್ದಿ ಹೊರಜಗತ್ತಿಗೆ ತಲುಪಿದ್ದು ಮರುದಿನ ಬೆಳಗ್ಗೆ. ಒಂದು ಗುಡ್ಡವನ್ನು ಆಳವಾಗಿ ಬಲ್ಲ ವಿಜ್ಞಾನ ಪಕ್ಕದ ಗುಡ್ಡದ ಬಗ್ಗೆ ಏನೂ ಹೇಳಲಾರದು. ಸಾವಿರ ಗುಡ್ಡಗಳಿಗೆ ಕೊಳವೆ ಕೊರೆಯುವಷ್ಟು ಹಣ ಯಾರಲ್ಲಿಯೂ ಇಲ್ಲ. ಸಂಪರ್ಕ ಕಡಿದ ರಾತ್ರಿ ಜಾಲದ ಸಾಧನವೂ ಮೂಕವೇ.

ವಯನಾಡಿನ ಹ್ಯೂಮ್ ಪರಿಸರ ಕೇಂದ್ರದ ದಾರಿ ಇದಕ್ಕೆ ತದ್ವಿರುದ್ಧ. ಜಿಲ್ಲೆಯಾದ್ಯಂತ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳು. ಓದುವವರು ರೈತರು, ಸ್ಥಳೀಯರು. ದಿನವೂ ಅಂಕಿ ಬರೆದು ಕಳುಹಿಸುತ್ತಾರೆ, ಕೇಂದ್ರ ಅದನ್ನು ನಕ್ಷೆಯ ಮೇಲೆ ಇಡುತ್ತದೆ. 2020ರಲ್ಲಿ ಈ ಅಂಕಿಗಳ ಆಧಾರದ ಮೇಲೆ ಮುಂಡಕ್ಕೈ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ, ಆಮೇಲೆ ಗುಡ್ಡ ಜಾರಿದರೂ ಜೀವ ಉಳಿದವು. 2024ರ ಜುಲೈ 29ರ ಬೆಳಗ್ಗೆಯೂ, ದುರಂತಕ್ಕೆ ಸುಮಾರು 16 ಗಂಟೆ ಮೊದಲು, ಕೇಂದ್ರ ಎಚ್ಚರಿಕೆ ಕಳುಹಿಸಿತ್ತು. ಆ ಭಾಗದಲ್ಲಿ 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ಸುರಿಯಿತು. ಊರು ಪೂರ್ತಿ ಖಾಲಿಯಾಗಲಿಲ್ಲ. ಇನ್ನೂರೈವತ್ತಕ್ಕೂ ಹೆಚ್ಚು ಜನ ಮಣ್ಣಿನಡಿ ಸೇರಿದರು. ಅಂಕಿ ಇತ್ತು, ಮಾತೂ ಹೋಗಿತ್ತು. ಅಳತೆಗೂ ಆಜ್ಞೆಗೂ ನಡುವಿನ ಆ ಕಾಲುಸಂಕವನ್ನು ಯಾವ ಕಂಪನಿಯೂ ತಯಾರಿಸಿ ಮಾರುವುದಿಲ್ಲ.

ಕರ್ನಾಟಕದಲ್ಲಿ ಮಳೆ ಅಳೆಯುವ ಜಾಲಕ್ಕೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸೌರಶಕ್ತಿಯ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆ ಅಳತೆ ಕಳುಹಿಸುವಂಥವು. ವಿದ್ವತ್ತಿನ ಕಡೆಯಿಂದಲೂ ಒಳ್ಳೆಯ ಉದಾಹರಣೆ ಇದೆ. 2004ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಕೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಣ್ಣಿನ ತೇವವನ್ನು ಅಳೆಯುವ ಜಾಲವನ್ನು ಆರಂಭಿಸಿದವು. ಮಳೆಯನ್ನೇ ನಂಬಿದ ಸಣ್ಣ ರೈತರಿಗೆ ಏನು ತಿಳಿಯಬೇಕಿದೆ ಎಂಬ ಸಮೀಕ್ಷೆ ಮೊದಲು, ಯಂತ್ರ ನೆಡುವುದು ಆಮೇಲೆ. ಕ್ರಮ ಸರಿಯಾಗಿತ್ತು. ಬಹುಪಾಲು ಯೋಜನೆಗಳಲ್ಲಿ ಯಂತ್ರ ಮೊದಲು ಬಂದು, ಅದಕ್ಕೊಂದು ಸಮಸ್ಯೆಯನ್ನು ಆಮೇಲೆ ಹುಡುಕಲಾಗುತ್ತದೆ.

ಮಲೆನಾಡಿನ ಸಮಸ್ಯೆಗಳು ತಾಂತ್ರಿಕವಾಗಿಯೂ ಸುಲಭದವಲ್ಲ. ಸಾಧನ ಅತ್ಯಗತ್ಯವಾಗಿ ಬೇಕಾದ ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನ ಮುಖವೇ ಇರುವುದಿಲ್ಲ, ಸೌರಫಲಕದ ಮೇಲೆ ಪಾಚಿ ಕೂರುತ್ತದೆ. ಒದ್ದೆ ಎಲೆಗಳ ದಟ್ಟಣೆ ರೇಡಿಯೊ ಅಲೆಗಳನ್ನು ನುಂಗುತ್ತದೆ, ವೈಫೈಯ 2.4 ಗಿಗಾಹರ್ಟ್ಸ್ ಅಲೆಗಳಿಗಂತೂ ಮಳೆಗಾಲದ ಕಾಡು ಗೋಡೆಯೇ. ಭಾರತದಲ್ಲಿ ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಸ್ ಅಲೆಗಳಲ್ಲಿ ನಡೆಯುವ 'ಲೋರಾ' ವಿಧಾನ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ದೂರ ಮುಟ್ಟುತ್ತದೆ, ಅದೂ ಕಣಿವೆಯ ತಿರುವಿನಲ್ಲಿ ಸೋಲುತ್ತದೆ. ಇರುವೆ ಗೂಡು ಕಟ್ಟುತ್ತದೆ, ಮಂಗ ತಂತಿ ಎಳೆಯುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇವು ನಿಜವಾದ ಸಂಶೋಧನಾ ವಿಷಯಗಳು. ನಗರದ ಕೊಠಡಿಯಲ್ಲಿ ದೀಪವನ್ನು ಮೊಬೈಲಿನಿಂದ ಹೊತ್ತಿಸುವ ಪ್ರಾಜೆಕ್ಟುಗಳು ಇನ್ನು ಸಾಕು.

ಆದ್ದರಿಂದ ಕಂಪನಿಯೂ ಕಾಲೇಜೂ ಊರಿಗೆ ಬಂದಾಗ ಗ್ರಾಮಸಭೆ ಕೇಳಬೇಕಾದ ಮಾತುಗಳಿವೆ. ಯೋಜನೆಯ ಹಣ ಮುಗಿದ ಮರುವರ್ಷ ಬ್ಯಾಟರಿ ಬದಲಿಸುವವರು ಯಾರು, ಹಣ ಯಾವ ಲೆಕ್ಕದಿಂದ? ಮಾಹಿತಿ ಮೊದಲು ಊರಿಗೆ ಬರುತ್ತದೆಯೋ, ಬೆಂಗಳೂರಿಗೆ ಹೋಗಿ ಪ್ರಬಂಧವಾಗಿ ಬರುತ್ತದೆಯೋ? ಗುಡ್ಡದ ಆಳದ ನೀರು, ಕಲ್ಲು, ಮಣ್ಣುಗಳ ವಿವರ ಇನ್ನೊಂದು ದಿನ ಗಣಿಗಾರನ ಮೇಜಿಗೆ ಹೋಗುವುದಿಲ್ಲವೆಂದು ಒಪ್ಪಂದದಲ್ಲಿ ಬರೆದಿದೆಯೇ? ನಡುರಾತ್ರಿ ಎಚ್ಚರಿಕೆ ಬಂದರೆ ಯಾರ ಮನೆಯ ಫೋನ್ ಮೊಳಗುತ್ತದೆ, ಜನ ಹೋಗಿ ಸೇರುವ ಶಾಲೆಯ ಬೀಗದ ಕೈ ಯಾರಲ್ಲಿದೆ? ಸತ್ತ ಸಾಧನದ ಬ್ಯಾಟರಿ ಹಳ್ಳ ಸೇರದಂತೆ ಯಾರು ವಾಪಸು ಒಯ್ಯುತ್ತಾರೆ? ಮೂರು ಸಲ ಸುಳ್ಳು ಎಚ್ಚರಿಕೆ ಬಂದರೆ ನಾಲ್ಕನೆಯ ಸಲ ಜನ ಮನೆ ಬಿಡುವುದಿಲ್ಲ. ಅದರ ಹೊಣೆ ಯಾರದು? ಉತ್ತರಿಸಲಾರದವರು ಕೆಟ್ಟವರೆಂದಲ್ಲ. ಅವರು ಇನ್ನೂ ಯೋಚಿಸಿಲ್ಲವೆಂದು ಅರ್ಥ, ಯೋಚಿಸಿ ಬರಲು ಹೇಳಬಹುದು. ರಸ್ತೆಗಾಗಿ ಗುಡ್ಡದ ಬುಡವನ್ನು ನೇರವಾಗಿ ಕಡಿದು, ಮೇಲೆ ಸಂವೇದಕ ಇಟ್ಟು, ಈಗ ಸುರಕ್ಷಿತ ಎನ್ನುವ ಪ್ರಸ್ತಾವ ಬಂದರೆ ಅದನ್ನು ಮಾತ್ರ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಬೇಕು.

ವಿದ್ಯಾರ್ಥಿಗಳು ಈ ಮಳೆಗಾಲದಿಂದಲೇ ಮಾಡಬಹುದಾದ ಕೆಲಸವೊಂದಿದೆ. ಪಂಚಾಯಿತಿ ಬಳಿ ಇರುವ ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಸಾಮಾನ್ಯವಾಗಿ ಪುಟ್ಟ ತೂಗುತೊಟ್ಟಿ ಇರುತ್ತದೆ. ನಿಗದಿತ ನೀರು ತುಂಬಿದಾಗ ಅದು ಒಂದು ಕಡೆಗೆ ಮಗುಚುತ್ತದೆ, ಮಗುಚಿದ್ದನ್ನು ಯಂತ್ರ ಎಣಿಸುತ್ತದೆ. ಆಲಿಕೆಯಲ್ಲಿ ಒಂದು ಎಲೆ ಸಿಕ್ಕಿಕೊಂಡರೆ ನೀರು ಕೆಳಗಿಳಿಯುವುದಿಲ್ಲ, ತೊಟ್ಟಿ ಮಗುಚುವುದಿಲ್ಲ. ಹೊರಗೆ ಆಕಾಶವೇ ಹರಿದಂತೆ ಸುರಿಯುತ್ತಿದ್ದರೂ ಯಂತ್ರ ಶೂನ್ಯವೆಂದೇ ವರದಿ ಮಾಡುತ್ತದೆ. ದೂರದ ಕಂಪ್ಯೂಟರಿಗೆ ಆ ಶೂನ್ಯಕ್ಕೂ ಬಿಸಿಲಿನ ದಿನದ ಶೂನ್ಯಕ್ಕೂ ವ್ಯತ್ಯಾಸ ತಿಳಿಯದು. ಶಾಲೆಯ ಅಂಗಳದಲ್ಲಿ ಮರದ ನೆರಳಿಲ್ಲದ ಕಡೆ ಕೈಯಿಂದ ಅಳೆಯುವ ಒಂದು ಮಳೆಮಾಪಕವಿಟ್ಟು, ಹವಾಮಾನ ಇಲಾಖೆಯ ಪದ್ಧತಿಯಂತೆ ದಿನವೂ ಬೆಳಗ್ಗೆ 8.30ಕ್ಕೆ ಓದಿ ಪುಸ್ತಕದಲ್ಲಿ ಬರೆದು, ಯಂತ್ರದ ಅಂಕಿಯ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಎರಡೂ ಹೊಂದದ ದಿನ ಯಾರಾದರೂ ಛತ್ರಿ ಹಿಡಿದು ಹೋಗಿ ಅಧಿಕಾರಿಗಳಿಗೆ ತಿಳಿಸಿ ಆ ಎಲೆಯನ್ನು ತೆಗೆಸಬೇಕು.